ಮುತ್ತತ್ತಿಯ ಹೊಳೆಸಾಲಿನಲ್ಲಿ

ಕುರಿಯ ತಳಿಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟ ಬಂಡೂರು ಮಳವಳ್ಳಿ ತಾಲ್ಲೂಕಿನ ಗ್ರಾಮ. ಅಲ್ಲಿಂದ ಮಳವಳ್ಳಿ, ಹಲಗೂರುಗಳನ್ನು ಹಾದು ಆಗ್ನೇಯಕ್ಕೆ ಸಾಗಿದರೆ ಹೊಲಗದ್ದೆಗಳು ಹಿಂದೆ ಸರಿದು ಕುರುಚಲು ಕಾಡು ಎದುರಾಗುತ್ತದೆ. ಇಳಿಜಾರಿನ ಕೊನೆಗೆ ಕಾವೇರಿ. ಅದರ ದಡದಲ್ಲಿ ಮುತ್ತತ್ತಿ. ಹೊಳೆಗೆ ಬಿದ್ದ ಸೀತಾದೇವಿಯ ಮೂಗುತಿಯ ಮುತ್ತನ್ನು ಆಂಜನೇಯನು ಬಾಲದಿಂದ ಎತ್ತಿಕೊಟ್ಟು ಮುತ್ತೆತ್ತರಾಯನಾದನೆಂಬುದು ಇಲ್ಲಿನ ಸ್ಥಳಪುರಾಣ.

ದರ್ಶನ, ಸ್ನಾನ, ಬುತ್ತಿಯೂಟ ಮುಗಿಸಿ ಮರಳುವ ಕುಟುಂಬಗಳು ಅನೇಕ. ಆದರೆ ತಾವು ಕುಳಿತು ಉಂಡ ನೆಲವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಭಾಗವೆಂಬುದನ್ನು ಅರಿತವರು ವಿರಳ. ಇದನ್ನು ಅರಿಯಲು ಹತ್ತಿರದ ಭೀಮೇಶ್ವರಿಗೆ ಹೋಗಬೇಕು. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರ ಅಲ್ಲಿದೆ. ಕಾಡಿನ ಪರಿಚಯವುಳ್ಳ ಮಾರ್ಗದರ್ಶಕರೊಡನೆ ಕಾಲ್ನಡಿಗೆ, ಹರಿಗೋಲಿನ ವಿಹಾರ, ಪಕ್ಷಿವೀಕ್ಷಣೆಗಳಿಗೆ ಅಲ್ಲಿ ಅವಕಾಶವುಂಟು.

ಮಾರ್ಗದರ್ಶಕನು ಬೆರಳು ತೋರಿದಾಗಲೇ ನಮ್ಮ ಕಣ್ಣು ತೆರೆಯುವುದು. ಬಂಡೆಯ ಮೇಲೊಂದು ಮರದ ದಿಮ್ಮಿಯೆಂದು ನಾವು ಬಗೆದದ್ದು ಬಿಸಿಲು ಕಾಯುತ್ತಿರುವ ಮೊಸಳೆ! ಹೊಳೆಮತ್ತಿಯ ಕೊಂಬೆಯಲ್ಲಿ ಎಲೆಗಳ ಗೂಡು ಕಟ್ಟುವುದು ಬೂದು ಬಣ್ಣದ ದೊಡ್ಡ ಅಳಿಲು. ಅದು ಮರದಿಂದ ಮರಕ್ಕೆ ನೆಗೆದೇ ಬಾಳುವ ಪ್ರಾಣಿ. ನಡುವಣ ಮರವನ್ನು ಕಡಿದರೆ ಅದರ ದಾರಿಯೇ ಕಡಿಯಿತು. ನೀರೊಳಗಿನ ಮಹಶೀರ್ ಮೀನಿನ ಕಥೆಯೂ ಅಂಥದೇ. ಒಂದು ಕಾಲದಲ್ಲಿ ಅದನ್ನು ಗಾಳ ಹಾಕಿ ಹಿಡಿಯಲೆಂದೇ ಪರದೇಶಗಳಿಂದ ಜನ ಇಲ್ಲಿಗೆ ಬರುತ್ತಿದ್ದರು. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಪಾಯಕ್ಕೊಳಗಾದ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು.

ಹೊಳೆಯ ಶಾಂತ ಮುಖವನ್ನು ನಂಬುವುದು ತರವಲ್ಲ. ಮೇಲೆ ತಿಳಿಯಾದ ನೀರು, ಅಡಿಯಲ್ಲಿ ಬಂಡೆಗಳ ನಡುವೆ ಸುಳಿ. ಮೇಲ್ಗಡೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಮುತ್ತತ್ತಿಯಲ್ಲಿ ಈಜಲಿಳಿದು ಎಳೆಯರು ಪ್ರಾಣ ನೀಗಿದ ವಾರ್ತೆ ಮತ್ತೆ ಮತ್ತೆ ಬಂದಿದೆ. ಆದುದರಿಂದ ‘ಇಲ್ಲಿ ಇಳಿಯಬೇಡಿ’ ಎಂಬ ಫಲಕವನ್ನು ಹಿರಿಯರ ಮಾತೆಂದೇ ತಿಳಿಯತಕ್ಕದ್ದು.

ಮಕ್ಕಳೊಡನೆ ಹೊರಡುವ ತಾಯಂದಿರು ಬುತ್ತಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಕಟ್ಟಿಕೊಳ್ಳಲಿ. ಪ್ಲಾಸ್ಟಿಕ್ಕನ್ನು ಅಲ್ಲಿ ಬಿಡದಿರಲಿ. ಕೋತಿಗೆ ಬಾಳೆಹಣ್ಣು ನೀಡುವುದು ದಯೆಯಂತೆ ತೋರಿದರೂ ಅದು ಕಸಿದು ತಿನ್ನುವ ಚಾಳಿಯನ್ನೇ ಕಲಿಸುತ್ತದೆ. ಆನೆಗಳು ನೀರಿಗಿಳಿಯುವ ಸಂಜೆಯ ವೇಳೆ ನಾವು ದಡ ಬಿಟ್ಟು ಹೊರಡುವುದು ಲೇಸು. ಅದು ಅವುಗಳ ಮನೆ. ಅಲ್ಲಿ ನಾವು ಅತಿಥಿಗಳು ಮಾತ್ರ.