ಬಸವನಗುಡಿಯ ಬೀದಿ ಪಾಠ

ಬೇರೆ ರಾಜ್ಯಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರಿಗೆ ಕನ್ನಡ ಕಲಿಸುವುದು ನನ್ನ ಅಚ್ಚುಮೆಚ್ಚಿನ ಹವ್ಯಾಸ. ಪುಸ್ತಕ ಮುಚ್ಚಿಟ್ಟು ಬಸವನಗುಡಿಯ ಬೀದಿಗಳಲ್ಲಿ ಕಲಿಸುವ ಭಾನುವಾರದ ಬೆಳಗಂತೂ ನನಗೆ ಹಬ್ಬ.

ಮೊದಲ ಪಾಠ ಬಸ್ ಸ್ಟಾಪಿನಲ್ಲಿ. ಬಂದ ಬಸ್ಸಿನ ಬೋರ್ಡು ಓದಬೇಕು, ಅದು ಎಲ್ಲಿಗೆ ಹೋಗುತ್ತದೆಂದು ಹೇಳಬೇಕು. ಮಲ್ಲೇಶ್ವರಕ್ಕೆ, ಜಯನಗರಕ್ಕೆ, ಯಶವಂತಪುರಕ್ಕೆ, ಆದರೆ ಬನಶಂಕರಿಗೆ. ‘ಕ್ಕೆ’ ಎಲ್ಲಿ, ‘ಗೆ’ ಎಲ್ಲಿ ಎಂಬ ನಿಯಮವನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕಾರು ಬಸ್ಸು ಹೋಗುವಷ್ಟರಲ್ಲಿ ಯಾರಾದರೊಬ್ಬರು ತಾವಾಗಿಯೇ ಹಿಡಿಯುತ್ತಾರೆ. ಆಗ ಅವರ ಮುಖ ಅರಳುವುದನ್ನು ನೋಡಬೇಕು! ತಾನೇ ಕಂಡುಕೊಂಡ ವ್ಯಾಕರಣ ಸುಲಭಕ್ಕೆ ಮರೆಯುವುದಿಲ್ಲ.

ಅಲ್ಲಿಂದ ಗಾಂಧಿ ಬಜಾರ್. ಮಲ್ಲಿಗೆ ಮೊಳದ ಲೆಕ್ಕ, ಸೊಪ್ಪು ಕಟ್ಟಿನ ಲೆಕ್ಕ, ಬೀನ್ಸ್ ಕಾಲು ಕಿಲೋ, ಅರ್ಧ ಕಿಲೋ. ಹೂವಿನಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ತೋರಿಸಿದ ಮೊಳಕ್ಕೆ ಬೇರೆ ವಿವರಣೆ ಬೇಕಿಲ್ಲ. ಒಂದೇ ಪ್ರಶ್ನೆಯನ್ನು ಮೂರು ಅಂಗಡಿಗಳಲ್ಲಿ ಕೇಳಿಸುತ್ತೇನೆ. ತರಗತಿಯಲ್ಲಾದರೆ ಬೇಸರ ತರಿಸುವ ಪುನರಾವರ್ತನೆ ಇಲ್ಲಿ ಬೆಲೆ ವಿಚಾರಿಸುವ ಜಾಣತನ. ನಮ್ಮ ವ್ಯಾಪಾರಿಗಳೋ ಐದಾರು ಭಾಷೆ ಬಲ್ಲವರು. ಗಿರಾಕಿ ತಡವರಿಸಿದರೆ ಕರುಣೆಯಿಂದ ಹಿಂದಿಗೋ ತಮಿಳಿಗೋ ತಿರುಗಿಬಿಡುತ್ತಾರೆ. ಅದಕ್ಕೇ ಮೊದಲೇ ಹೇಳಿಡುತ್ತೇನೆ: “ಅಕ್ಕ, ಇವರು ಕನ್ನಡ ಕಲೀತಿದಾರೆ, ಕನ್ನಡದಲ್ಲೇ ಮಾತಾಡಿ.” “ಹೌದಾ? ನಿಧಾನಕ್ಕೆ ಕೇಳಿ ಸಾರ್, ಹೇಳ್ತೀನಿ,” ಎನ್ನುವ ಆಕೆ ಆ ಕ್ಷಣದಿಂದ ನನಗಿಂತ ದೊಡ್ಡ ಮೇಷ್ಟ್ರು.

1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ಕಾಯುವಾಗ ಎಣಿಕೆಯ ಪಾಠ: ದೋಸೆ ಎರಡು, ಜನ ಇಬ್ಬರು. ಲಾಲ್‌ಬಾಗಿನ ಬಂಡೆ ಹತ್ತಿದರೆ ಮೇಲೆ, ಕೆಳಗೆ, ಆಚೆ, ಈಚೆ. ಕೆಂಪೇಗೌಡರ ಗೋಪುರ ಎಲ್ಲಿದೆ, ಕೆರೆ ಎಲ್ಲಿದೆ ಎಂದು ಕೇಳುತ್ತಾ ಹೋದರೆ ಮಾತು ತಾನಾಗಿ ಹೊರಡುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಕರೆದೊಯ್ದರೆ ಕೃದಂತಗಳೂ ರುಚಿಯಾಗುತ್ತವೆ: “ಹುರಿದದ್ದು ಬೇಕಾ, ಬೇಯಿಸಿದ್ದು ಬೇಕಾ?” ಉತ್ತರ ಹೇಳಿದವರಿಗೆ ಕೂಡಲೇ ಕೈತುಂಬ ಕಡಲೆಕಾಯಿ.

ಭಾಷೆ ಬೇರೂರುವುದು ಅದರ ಅಗತ್ಯವಿರುವ ಜಾಗದಲ್ಲೇ ಎಂಬುದು ನನ್ನ ಗಟ್ಟಿ ನಂಬಿಕೆ. ಪುಸ್ತಕದ ಪ್ರಶ್ನೆಗೆ ಉತ್ತರಿಸದಿದ್ದರೂ ನಡೆಯುತ್ತದೆ. ತಕ್ಕಡಿ ಹಿಡಿದು ಕಾದು ನಿಂತವರಿಗೆ ಉತ್ತರ ಕೊಡಲೇಬೇಕು. ನನ್ನ ತರಗತಿ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಮುಂದಿನದನ್ನು ಸೊಪ್ಪಿನ ಅಜ್ಜಿ, ಬಸ್ಸಿನ ಕಂಡಕ್ಟರ್, ಪಕ್ಕದ ಮನೆಯವರು ಕಲಿಸುತ್ತಾರೆ. ಅವರ ಕೈಗೆ ಒಬ್ಬ ಕಲಿಕೆದಾರರನ್ನು ಒಪ್ಪಿಸುವುದರಲ್ಲೇ ಈ ಹವ್ಯಾಸದ ಸುಖವಿದೆ.