ಕೊಣ್ಣೂರಿನ ಶಾಲೆಗೂ ಒಬ್ಬ ಆಪ್ತಸಮಾಲೋಚಕರು ಬೇಕು

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರಿಗೆ ನೀರು ನುಗ್ಗಿತು. ಬಿದ್ದ ಮನೆ, ಹಾಳಾದ ಬೆಳೆ ಲೆಕ್ಕಕ್ಕೆ ಸಿಗುತ್ತವೆ. ಮಳೆಯ ಸದ್ದಿಗೆ ಬೆಚ್ಚುವ, ಇದ್ದಕ್ಕಿದ್ದಂತೆ ಮಾತು ಕಮ್ಮಿ ಮಾಡುವ ಮಗು ಯಾವ ಲೆಕ್ಕಕ್ಕೆ? ನೆರೆಯ ನಂತರ ಇಂಥ ಭಯ ಸಹಜ. ಬಹಳಷ್ಟು ಮಕ್ಕಳಲ್ಲಿ ತಾನಾಗಿ ತಗ್ಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಆ ಕೆಲವರನ್ನು ಗುರುತಿಸುವುದಕ್ಕೆ ತರಬೇತಿ ಬೇಕು. ಐದಾರು ಕೆಲಸ ಹೊತ್ತ ಮಾಸ್ತರರ ಮೇಲೆ ಇದನ್ನೂ ಹೇರುವುದು ಅನ್ಯಾಯ.

ಅದಕ್ಕೇ ಶಾಲೆಗೊಬ್ಬ ಆಪ್ತಸಮಾಲೋಚಕರು ಬೇಕು. ಅವರಿಗೆ ಕಲಿಸುವ ಜಾಗಗಳೇನೂ ದೂರವಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಕರ್ನಾಟಕ ವಿಶ್ವವಿದ್ಯಾಲಯವಿದೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಓದುವವರಿಗೆ ಕ್ಷೇತ್ರಕಾರ್ಯ ಹೇಗೂ ಕಡ್ಡಾಯ. ಅದರಲ್ಲೊಂದು ಪಾಲು ನರಗುಂದ, ರೋಣ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ನಡೆಯಲಿ. ಭಾಷಣ ಮಾಡಿ ಫೋಟೋ ತೆಗೆಸಿಕೊಂಡು ಹೋಗುವ ಒಂದು ದಿನದ ಶಿಬಿರ ಬೇಡ. ಅದೇ ವಿದ್ಯಾರ್ಥಿ ಅದೇ ಶಾಲೆಗೆ ವರ್ಷವಿಡೀ ಬರಬೇಕು, ಅನುಭವಿಗಳು ಅವರ ಬೆನ್ನಿಗಿರಬೇಕು. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಊರಲ್ಲಿ ಮಗು ಹೇಳಿದ ಗುಟ್ಟು ಗುಡಿಕಟ್ಟೆಗೆ ತಲುಪದಂತೆ ಕಾಯುವುದನ್ನು ಪುಸ್ತಕ ಕಲಿಸಲಾರದು, ಊರೇ ಕಲಿಸಬೇಕು.

ಇದು ಆಗದ ಮಾತಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮನೋರೋಗ ಗುರುತಿಸಲು ಕಲಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಸ್ಪತ್ರೆಗೆ ಆದದ್ದು ಶಾಲೆಗೆ ಯಾಕಾಗಬಾರದು?

ಅಲ್ಲಿಯತನಕ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರ ಶಾಲೆಯ ಗೋಡೆ ಮೇಲೆ ಈ ನಂಬರ್ ಬರೆಸಿ.