ಗೂನುಬೆನ್ನಿನ ಕೋವಿ

"ನಿಮ್ಮ ಮನೇಲಿ ಗನ್ ಇದೆಯಂತೆ?" ನನ್ನ ಮ್ಯಾನೇಜರ್ ಹೀಗೆ ಕೇಳಿದ್ದು ಮಿನಿಯಾಪೊಲಿಸ್‌ನ ಆಫೀಸಿನಲ್ಲಿ, ಕಾಫಿ ಮಷೀನಿನ ಮುಂದೆ. ಕೊಡವರ ಮನೇಲಿ ಕೋವಿ ಇಲ್ಲದೆ ಇರುತ್ತಾ ಅಂದೆ. ಆದರೆ ನಮ್ಮಲ್ಲಿ ಬೇಟೆ ಅಪರಾಧ ಕಣಪ್ಪಾ, ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ದಿನ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತೀವಿ ಅಷ್ಟೇ ಅಂತ ವಿವರಿಸುವಷ್ಟರಲ್ಲಿ ಅವನು ನನ್ನನ್ನು ಬಾತುಕೋಳಿ ಬೇಟೆ ನೋಡೋಕೆ ಕರೆದಾಗಿತ್ತು.

ಹಾಗೆ ಅಕ್ಟೋಬರಿನ ಒಂದು ರಾತ್ರಿ ಕೆರೆ ಪಕ್ಕದ ಮರದ ಮನೆಯಲ್ಲಿ ಮೂವರು ಬೇಟೆಗಾರರ ನಡುವೆ ಕೂತಿದ್ದೆ. ಮ್ಯಾನೇಜರ್, ಅವನ ಚಿಕ್ಕಪ್ಪನ ಮಗ, ಮತ್ತೆ ಎಂಬತ್ತರ ಹತ್ತಿರದ ಅವನ ಅಪ್ಪ. ಮೇಜಿನ ಮೇಲೆ ಎರಡು ಗನ್. ಒಂದು ಮುದುಕರದ್ದು, ಬೆಲ್ಜಿಯಂನಲ್ಲಿ ತಯಾರಾದ ಬ್ರೌನಿಂಗ್ ಆಟೋ-5. ಇನ್ನೊಂದು ಮಗ ಕೊಂಡ ಹೊಸ ಎ5. ಎರಡಕ್ಕೂ ಹಿಂಭಾಗದಲ್ಲಿ ಅದೇ ಚೌಕಾಕಾರದ ಗೂನು. 'ಹಂಪ್‌ಬ್ಯಾಕ್' ಅಂತಲೇ ಇದರ ಅಡ್ಡಹೆಸರು.

ಇದರ ಕಥೆ ನಮ್ಮಂಥ ನೌಕರರಿಗೆ ಹಿಡಿಸುವಂಥದ್ದು. ಜಾನ್ ಬ್ರೌನಿಂಗ್ ಈ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ ಮಾಡಿ, ವರ್ಷಾನುಗಟ್ಟಲೆ ತನ್ನ ವಿನ್ಯಾಸಗಳನ್ನು ಕೊಳ್ಳುತ್ತಿದ್ದ ವಿಂಚೆಸ್ಟರ್ ಕಂಪನಿಗೆ ತೋರಿಸಿದ. ಈ ಸಲ ಒಂದೇ ಇಡುಗಂಟು ಬೇಡ, ರಾಯಲ್ಟಿ ಕೊಡಿ ಅಂದ. ಆಗಲ್ಲ ಅಂದರು. ರೆಮಿಂಗ್ಟನ್‌ಗೆ ಹೋದ, ಅಧ್ಯಕ್ಷರ ಭೇಟಿಗೆ ಕಾಯುತ್ತಿರುವಾಗಲೇ ಅವರು ಹೃದಯಾಘಾತದಿಂದ ತೀರಿಕೊಂಡರು. 1902ರಲ್ಲಿ ಹಡಗು ಹತ್ತಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗೆ ಹೋದ. ಅಲ್ಲಿ ಒಪ್ಪಿದರು. ಮುಂದೆ ಜಪಾನಿನಲ್ಲೂ ತಯಾರಾಗಿ ಸುಮಾರು ಒಂದು ಶತಮಾನ ಓಡಿದ ಗನ್ ಅದು. ಅದೇ ಹೆಸರಿನಲ್ಲಿ ಹೊಸದು ಬಂದಿದ್ದು 2012ರಲ್ಲಿ.

"ಬರೀ ಹೆಸರು ಮಾರಾಟ," ಅಂದ ಚಿಕ್ಕಪ್ಪನ ಮಗ. ಹಳೇದರಲ್ಲಿ ಗುಂಡು ಹಾರಿದಾಗ ನಳಿಕೆಯೂ ಬೋಲ್ಟೂ ಒಟ್ಟಿಗೆ ಹಿಂದೆ ಬಂದು, ಮೊದಲು ನಳಿಕೆ, ಆಮೇಲೆ ಬೋಲ್ಟ್ ವಾಪಸ್ ಹೋಗುತ್ತೆ. ಭುಜಕ್ಕೆ ಎರಡು ಸಲ ತಳ್ಳಿದ ಹಾಗೆ. ಹೊಸದರಲ್ಲಿ ನಳಿಕೆ ಅಲ್ಲಾಡೋದೇ ಇಲ್ಲ. ಗನ್ ಹಿಂದಕ್ಕೆ ಒದೆಯುವಾಗಿನ ಜಡತ್ವದಿಂದಲೇ ಬೋಲ್ಟ್ ಕೆಲಸ ಮಾಡುತ್ತೆ. ಬೆನೆಲ್ಲಿ ಗನ್‌ಗಳ ತತ್ವವೇ. "ಬೆನೆಲ್ಲಿಗೆ ಗೂನು ಅಂಟಿಸಿದ್ದಾರೆ!"

ಮ್ಯಾನೇಜರ್ ಸುಮ್ಮನಿರಲಿಲ್ಲ. ಉಕ್ಕಿನ ಬದಲು ಅಲ್ಯೂಮಿನಿಯಂ, ಹೊತ್ತು ನಡೆಯೋಕೆ ಎಷ್ಟು ಹಗುರ! ಹಳೇದರಲ್ಲಿ ಹಗುರ ತೋಟಾಗೊಂದು, ಭಾರದ ತೋಟಾಗೊಂದು ಅಂತ ಒಳಗಿನ ಉಂಗುರದ ಜಾಗ ಬದಲಿಸಬೇಕು. ಮರೆತು ಭಾರದ ತೋಟಾ ಹೊಡೆದರೆ ಮುಂದಿನ ಮರದ ಹಿಡಿ ಬಿರುಕು ಬಿಡುತ್ತೆ. ಇದರಲ್ಲಿ ಆ ರಗಳೆಯೇ ಇಲ್ಲ ಅಂದ. "ರಗಳೆ ಅಲ್ಲ, ಅದು ಗನ್ ಗೊತ್ತಿರೋದು," ಅಂತ ಇವನು.

ಮುದುಕರು ಮಾತಾಡಲಿಲ್ಲ. ತಮ್ಮ ಗನ್ ಒರೆಸುತ್ತಲೇ ಇದ್ದರು. ಅದು ಕೆರೆಗಿಳಿದು ಮೂವತ್ತು ವರ್ಷದ ಮೇಲಾಗಿದೆ ಅಂತ ಆಮೇಲೆ ಗೊತ್ತಾಯ್ತು. ಕೆರೆಯ ತಳದಲ್ಲಿ ಬಿದ್ದ ಸೀಸದ ಚರೆಗಳನ್ನು ಬಾತುಗಳು ಹರಳು ಅಂದುಕೊಂಡು ನುಂಗಿ ವಿಷವೇರಿ ಸಾಯುತ್ತಿದ್ದವು. ಹಾಗಾಗಿ 1991ರಿಂದ ಅಮೆರಿಕದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸ ನಿಷಿದ್ಧ. ಸ್ಟೀಲ್ ಚರೆ ಗಟ್ಟಿ; ಬೆಲ್ಜಿಯಂನ ಹಳೇ ನಳಿಕೆಗಳಿಗೆ ಅದನ್ನು ಹಾಕಬೇಡಿ ಅಂತ ಕಂಪನಿಯೇ ಹೇಳುತ್ತೆ.

"ಸ್ಟೀಲ್‌ಗೆ ಒಗ್ಗೋ ಬೇರೆ ನಳಿಕೆ ಹಾಕಿಸಬಹುದಲ್ವಾ?" ಅಂದೆ, ಇಂಜಿನಿಯರ್ ಬುದ್ಧಿ.

"ಹಾಕಿಸಬಹುದು. ಆಮೇಲೆ ಅದು ಯಾರ ಗನ್?" ಅಂದರು ಮುದುಕರು.

ಬೆಳಗಿನ ಜಾವ, ಜೊಂಡಿನ ಮರೆಯಲ್ಲಿ ಮೂಳೆ ಕೊರೆಯುವ ಚಳಿ. ಅಪ್ಪನ ಕಣ್ಣು, ಕೈ ಎರಡೂ ಸೋಲ್ತಿವೆ, ಇದೇ ಅವರ ಕೊನೇ ಸೀಸನ್ ಇರಬಹುದು ಅಂತ ಮ್ಯಾನೇಜರ್ ದಾರಿಯಲ್ಲೇ ಹೇಳಿದ್ದ. ಬೆಳಕು ಹರಿದು ಹಕ್ಕಿಗಳು ತಿರುಗಿದಾಗ ಏನೂ ಹೇಳದೆ ತನ್ನ ಹೊಸ ಗನ್ನನ್ನು ಅಪ್ಪನ ಕೈಗಿಟ್ಟ. ಅವರು ಕೆನ್ನೆಗಾನಿಸಿಕೊಂಡರು. ಎರಡು ಗುಂಡು. ಮೊದಲನೆಯದಕ್ಕೆ ಒಂದು ಬಾತು ಬಿತ್ತು, ಎರಡನೆಯದು ಗಾಳಿಗೆ ಹೋಯ್ತು.

ತೀರ್ಪಿಗೆ ಕಾದೆವು.

"ಒದೆತ ನಂದಲ್ಲ," ಅಂದರು. ಆಮೇಲೆ ಗೂನಿನ ಮೇಲೆ ಬೆರಳಾಡಿಸಿ, "ಕಾಣೋದು ಮಾತ್ರ ಅದೇ."

ಗೂನು ಬರೀ ಚಂದಕ್ಕೆ ಇರೋದಲ್ಲ ಅಂತ ನನಗೆ ಹೊಳೆದದ್ದು ಆಗ. ಅದರ ನೆತ್ತಿ ನಳಿಕೆಯ ಜೊತೆ ಒಂದೇ ಮಟ್ಟದಲ್ಲಿರೋದರಿಂದ ಕಣ್ಣು ಅಲ್ಲಿಂದ ನೇರ ತುದಿಗೆ ಓಡುತ್ತೆ. ಅದೇ ಗೆರೆಯಲ್ಲಿ ನೋಡೋದನ್ನು ಮಗನಿಗೆ ಚಿಕ್ಕಂದಿನಲ್ಲಿ ಕಲಿಸಿದವರು ಅವರು. ಯಂತ್ರ ಬದಲಾಗಿದೆ ಅಂದ ಚಿಕ್ಕಪ್ಪನ ಮಗ ಸುಳ್ಳು ಹೇಳಿರಲಿಲ್ಲ. ಆದರೆ ಆ ಗೆರೆ ಉಳಿದಿತ್ತು; ಮಗ ದುಡ್ಡು ಕೊಟ್ಟಿದ್ದೂ ಬಹುಶಃ ಅದಕ್ಕೇ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮ ಮನೆ ಕೋವಿಗೆ ಇಷ್ಟು ವರ್ಷ ಹೂವು ಸಿಕ್ಕಿಸಿದ್ದೇನೆ, ಒಮ್ಮೆಯೂ ಕೆನ್ನೆಗಿಟ್ಟು ನೋಡಿಲ್ಲ.

"ಅಪ್ಪಾ, ತಾತ ಕೋವೀನ ಯಾವ ಭುಜಕ್ಕೆ ಇಟ್ಕೋತಿದ್ರು?"

"ಎಡಕ್ಕೆ. ತಾತ ಎಡಚ ಅಲ್ವೇನೋ, ಗೊತ್ತಿರಲಿಲ್ವಾ ನಿಂಗೆ?"

ಗೊತ್ತಿರಲಿಲ್ಲ.